ತೋಟದ ಕಸದ ಗುಂಡಿಯಲ್ಲಿ ಸಿಕ್ಕ ಗಾಜಿನ ಬಾಟಲಿಗಳು: ತಳದ ಅಕ್ಷರ, ಅಚ್ಚಿನ ಗೆರೆಗಳಿಂದ ಕಾಲ ಹೇಳಬಹುದೇ?

ಮಂಜರಾಬಾದ್_ತೋಟ

ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ದೊರೆಗಳ ಕಾಲದ ಬಂಗಲೆಯೊಂದಿದೆ. ಅದರ ಅಡುಗೆಮನೆಯ ಹಿಂದಿನ ಇಳಿಜಾರನ್ನು ಕಣಕ್ಕಾಗಿ ಸಮ ಮಾಡಿಸುವಾಗ ಹಳೆಯ ಕಸದ ಗುಂಡಿಯೊಂದು ತೆರೆದುಕೊಂಡಿತು. ಒಡೆದ ಪಿಂಗಾಣಿ, ಮೂಳೆ, ಬೂದಿಯ ನಡುವೆ ಐದು ಬಾಟಲಿಗಳು ಇಡಿಯಾಗಿ ಸಿಕ್ಕಿವೆ. ತಿಳಿದವರು ಇವುಗಳ ಕಾಲವನ್ನು ಗುರುತಿಸಲು ನೆರವಾಗಬೇಕೆಂದು ಕೋರುತ್ತೇನೆ.

ಮೊದಲನೆಯದು ತೆಳು ನೀಲಿ-ಹಸಿರು ಬಣ್ಣದ ಉದ್ದ ಬಾಟಲಿ. ಮೈಮೇಲೆ ಉದ್ದುದ್ದಕ್ಕೆ ‘ಲೀ ಅಂಡ್ ಪೆರಿನ್ಸ್’ ಎಂದೂ ಹೆಗಲಿನ ಸುತ್ತ ‘ವೂಸ್ಟರ್‌ಶೈರ್ ಸಾಸ್’ ಎಂದೂ ಇಂಗ್ಲಿಷ್ ಉಬ್ಬಕ್ಷರಗಳಿವೆ. ತಳದಲ್ಲಿ ‘ಎ ಸಿ ಬಿ ಕೊ’ ಎಂದಿದೆ. ಎರಡನೆಯದರ ತಳ ಮೊಟ್ಟೆಯಂತೆ ಉರುಟಾಗಿದ್ದು ನಿಲ್ಲಿಸಿದರೆ ನಿಲ್ಲುವುದಿಲ್ಲ. ‘ಕ್ಯಾಂಟ್ರೆಲ್ ಅಂಡ್ ಕಾಕ್ರೇನ್’ ಎಂಬಷ್ಟು ಓದಲಾಗುತ್ತದೆ, ಉಳಿದದ್ದು ಮಸುಕಾಗಿದೆ. ಮೂರನೆಯದು ಹೆಚ್ಚುಕಡಿಮೆ ಕಪ್ಪೆನ್ನಬಹುದಾದ ಕಡುಹಸಿರಿನ ದಪ್ಪ ಬಾಟಲಿ. ತಳ ಒಳಕ್ಕೆ ಆಳವಾಗಿ ಕುಸಿದಿದೆ, ಅಕ್ಷರ ಒಂದೂ ಇಲ್ಲ. ನಾಲ್ಕನೆಯದು ಗೋಲಿ ಸೋಡಾ ಬಾಟಲಿ, ಗೋಲಿ ಇನ್ನೂ ಒಳಗೇ ಇದೆ. ಐದನೆಯದೇ ನನಗೆ ಹೆಚ್ಚು ಕುತೂಹಲ ಹುಟ್ಟಿಸಿರುವ ಚಿಕ್ಕ ಬಾಟಲಿ: ಮುಂಭಾಗದಲ್ಲಿ ‘ಪಾಂಡ್ಸ್ ಎಕ್ಸ್‌ಟ್ರಾಕ್ಟ್’ ಎಂದೂ ತಳದಲ್ಲಿ ‘1846’ ಎಂದೂ ಇದೆ. ಸಕಲೇಶಪುರದ ಸುತ್ತಲಿನ ಈ ಮಂಜರಾಬಾದ್ ಸೀಮೆಯಲ್ಲಿ ಯುರೋಪಿಯನ್ನರ ಕಾಫಿ ತೋಟಗಳು ಆರಂಭವಾದದ್ದು 1840ರ ದಶಕದಲ್ಲಿ. ಹಾಗಿದ್ದರೆ ಈ ಬಾಟಲಿ ತೋಟದ ಮೊದಲ ದೊರೆಯ ಕಾಲದ್ದೇ ಇರಬಹುದಲ್ಲವೇ?

ಹಳೇಗಾಜು

ಕೊನೆಯ ಬಾಟಲಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಬಾಟಲಿಯ ಮೇಲಿನ ಇಸವಿಯನ್ನು ಬಾಟಲಿಯ ಇಸವಿ ಎಂದು ಓದುವುದೇ ಈ ಹವ್ಯಾಸದಲ್ಲಿ ಅತ್ಯಂತ ಸಾಮಾನ್ಯವಾದ ತಪ್ಪು. 1846 ಎಂಬುದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಥೆರಾನ್ ಪಾಂಡ್ ಎಂಬಾತ ವಿಚ್ ಹೇಜಲ್ ಗಿಡದ ಸತ್ವದಿಂದ ಆ ಔಷಧವನ್ನು ಮೊದಲು ತಯಾರಿಸಿದ ವರ್ಷ. ಕಂಪನಿ ಅದನ್ನು ತನ್ನ ಹಿರಿಮೆಯ ಗುರುತಾಗಿ ದಶಕಗಳ ಕಾಲ ತಳದಲ್ಲಿ ಅಚ್ಚು ಹಾಕಿಸುತ್ತಲೇ ಬಂದಿತು. ಇದಕ್ಕಿಂತ ಪ್ರಸಿದ್ಧ ನಿದರ್ಶನ ಅಮೆರಿಕದ ಮೇಸನ್ ಜಾಡಿಗಳದು. ಅವುಗಳ ಮೇಲಿರುವ ‘ನವೆಂಬರ್ 30, 1858’ ಜಾನ್ ಮೇಸನ್‌ಗೆ ತಿರುಪು ಬಾಯಿಯ ಪೇಟೆಂಟ್ ದೊರೆತ ದಿನ. ಆದರೆ ಅದೇ ಬರಹವುಳ್ಳ ಜಾಡಿಗಳು ಇಪ್ಪತ್ತನೆಯ ಶತಮಾನದಲ್ಲೂ ತಯಾರಾದವು. ಹೀಗಾಗಿ ಅಂಥ ಇಸವಿ ಹೇಳುವುದು ‘ಇದಕ್ಕಿಂತ ಹಿಂದಿನದಲ್ಲ’ ಎಂಬಷ್ಟನ್ನು ಮಾತ್ರ. ಎಷ್ಟು ಈಚಿನದು ಎಂಬುದನ್ನು ಗಾಜಿನ ಮೈಯನ್ನೇ ಕೇಳಬೇಕು.

ದಯವಿಟ್ಟು ಪ್ರತಿ ಬಾಟಲಿಯನ್ನೂ ಕತ್ತಲೆ ಕೋಣೆಯಲ್ಲಿ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಅಚ್ಚಿನ ಹೋಳುಗಳು ಕೂಡುವಲ್ಲಿ ಮೂಡಿ ಪಕ್ಕದಲ್ಲಿ ಮೇಲಕ್ಕೆ ಹೋಗುವ ಅಚ್ಚಿನ ಗೆರೆ ಎಲ್ಲಿ ನಿಲ್ಲುತ್ತದೆ, ಕೊರಳಲ್ಲೋ, ತುಟಿಯ ಕೆಳಗೋ, ತುಟಿಯನ್ನೂ ದಾಟಿ ಬಾಯಿಯ ಮೇಲ್ಭಾಗದವರೆಗೋ ಎಂಬುದನ್ನು ಉಗುರಿನಿಂದ ಸವರಿ ಬರೆಯಿರಿ. ತಳದ ನಡುವೆ ಒರಟು ಗಾಯದಂಥ ಗುರುತಿದೆಯೇ ಎಂಬುದನ್ನೂ ನೋಡಿ. ಮಸುಕಾದ ಅಕ್ಷರಗಳ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಓದಲು ಬರುತ್ತದೆ.

ಗುಜರಿ_ಗಲ್ಲಿ

ಬೆಂಗಳೂರಿನಲ್ಲಿ ಹಳೆಯ ಸಾಮಾನು ಕೊಂಡು ಮಾರುವವನು ನಾನು. ನಮ್ಮ ವ್ಯಾಪಾರದಲ್ಲಿ ಇಷ್ಟೆಲ್ಲ ಪರೀಕ್ಷೆಗೆ ಪುರುಸೊತ್ತಿರುವುದಿಲ್ಲ. ಗೆರೆ ಬಾಯಿಯವರೆಗೆ ಬಂದಿದ್ದರೆ ಯಂತ್ರದ್ದು, ಬಾರದಿದ್ದರೆ ಕೈಯದ್ದು, ಗೆರೆಯೇ ಇಲ್ಲದಿದ್ದರೆ ಬಹಳ ಹಳೆಯದು. ಗುಳ್ಳೆಗಳು ಹೆಚ್ಚಿದ್ದರೆ ಇನ್ನೂ ಹಳೆಯದು. ಆ ಲೆಕ್ಕದಲ್ಲಿ ನಿಮ್ಮ ಕಪ್ಪು ಬಾಟಲಿ ಟಿಪ್ಪುವಿನ ಕಾಲಕ್ಕೂ ಹೋಗಬಹುದು. ಮಾರುವ ಮನಸ್ಸಿದ್ದರೆ ತಿಳಿಸಿ.

ಹಳೇಗಾಜು

ಈ ಸೂತ್ರದಲ್ಲಿ ಅರ್ಧ ಸತ್ಯವಿದೆ, ಆದ್ದರಿಂದಲೇ ಅದು ಅಪಾಯಕಾರಿ. ಮೊದಲು ಸತ್ಯದ ಭಾಗವನ್ನು ಹೇಳುತ್ತೇನೆ. ಕೈಕೆಲಸದ ಕಾಲದಲ್ಲಿ ಕುಶಲಕರ್ಮಿಯು ಊದುಕೊಳವೆಯ ತುದಿಯ ಗಾಜನ್ನು ಎರಡು ಹೋಳಿನ ಅಚ್ಚಿನೊಳಗೆ ಊದಿ, ಕೊಳವೆಯಿಂದ ಬಾಟಲಿಯನ್ನು ಬೇರ್ಪಡಿಸಿದ ಮೇಲೆ ಬಾಯಿಯನ್ನು ಪ್ರತ್ಯೇಕವಾಗಿ ಮಾಡುತ್ತಿದ್ದನು. ಹೊಸ ಗಾಜನ್ನು ಸುತ್ತಿ ತುಟಿ ಕೂಡಿಸಿದ್ದರೆ ಅಚ್ಚಿನ ಗೆರೆ ತುಟಿಯ ಕೆಳಗೆ ಥಟ್ಟನೆ ನಿಲ್ಲುತ್ತದೆ, ಅಲ್ಲಿ ಗಾಜು ಕೆಳಗೆ ಸೋರಿ ಹೆಪ್ಪುಗಟ್ಟಿದ ಅಂಚೂ ಕಾಣಬಹುದು. ಇದ್ದ ಗಾಜನ್ನೇ ಮತ್ತೆ ಕಾಯಿಸಿ ಉಪಕರಣದಿಂದ ತಿರುವಿ ರೂಪಿಸಿದ್ದರೆ ಗೆರೆ ಕೊರಳ ಮೇಲ್ಭಾಗದಲ್ಲಿ ಕರಗಿಹೋಗಿರುತ್ತದೆ, ಅದರ ಜಾಗದಲ್ಲಿ ಅಡ್ಡಡ್ಡ ನವುರಾದ ಸುತ್ತುಗಳಿರುತ್ತವೆ. ಮೈಕೆಲ್ ಓವೆನ್ಸ್ 1903ರ ಹೊತ್ತಿಗೆ ರೂಪಿಸಿದ ಸಂಪೂರ್ಣ ಸ್ವಯಂಚಾಲಿತ ಯಂತ್ರದಲ್ಲಿ ಬಾಯಿಯೇ ಮೊದಲು ರೂಪುಗೊಳ್ಳುತ್ತದೆಯಾದ್ದರಿಂದ ಗೆರೆ ತುಟಿಯನ್ನು ದಾಟಿ ಹೋಗುತ್ತದೆ. ಆ ಯಂತ್ರದ ಬಾಟಲಿಗಳ ತಳದಲ್ಲಿ ನಡುವಿಗಿಂತ ತುಸು ಪಕ್ಕಕ್ಕೆ ಸರಿದ, ಅಂಚು ಕೆದರಿದ ವೃತ್ತಾಕಾರದ ಗುರುತೂ ಇರುತ್ತದೆ. ಯಂತ್ರವು ಕಾದ ಗಾಜನ್ನು ಹೀರಿಕೊಂಡ ಮೇಲೆ ಕತ್ತಿ ಅದನ್ನು ಕತ್ತರಿಸಿದ ಜಾಗ ಅದು.

ಇನ್ನು ‘ಗೆರೆಯೇ ಇಲ್ಲದಿದ್ದರೆ ಬಹಳ ಹಳೆಯದು’ ಎಂಬ ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ವೈನ್ ಬಾಟಲಿಗಳಿಗಾಗಿ ತಿರುಗಿಸುವ ಅಚ್ಚಿನ ಪದ್ಧತಿ ವ್ಯಾಪಕವಾಗಿ ಬಳಕೆಯಲ್ಲಿತ್ತು. ಅಚ್ಚಿನ ಒಳಮೈಗೆ ಲೇಪ ಹಚ್ಚಿ ನೀರಿನಿಂದ ಒದ್ದೆ ಮಾಡುತ್ತಿದ್ದರು. ಕಾದ ಗಾಜು ತಾಗಿದಾಗ ಏಳುವ ಹಬೆಯ ಪದರದ ಮೇಲೆ ಬಾಟಲಿ ಸರಾಗವಾಗಿ ತಿರುಗುತ್ತಿತ್ತು. ಹಾಗೆ ತಿರುಗಿಸುತ್ತ ಊದಿದಾಗ ಅಚ್ಚಿನ ಗೆರೆ ಅಳಿಸಿಹೋಗಿ ಮೈ ನುಣುಪಾಗುತ್ತದೆ, ಆದರೆ ಮೈ ಸುತ್ತ ಅಡ್ಡಲಾಗಿ ಕೂದಲೆಳೆಯಷ್ಟು ಸಣ್ಣ ಗೀರುಗಳು ಉಳಿಯುತ್ತವೆ. ತಿರುಗುವ ಬಾಟಲಿಯ ಮೈಮೇಲೆ ಉಬ್ಬಕ್ಷರ ಮೂಡಲು ಸಾಧ್ಯವಿಲ್ಲ. ಅಂದರೆ ಗೆರೆಯೂ ಇಲ್ಲ, ಬರಹವೂ ಇಲ್ಲ, ಅಡ್ಡ ಗೀರುಗಳಿವೆ ಎಂದಾದರೆ ಅದು ಟಿಪ್ಪುವಿನ ಕಾಲದ್ದಾಗುವ ಬದಲು 1880ರಿಂದ ಮೊದಲ ಮಹಾಯುದ್ಧದವರೆಗಿನ ಅವಧಿಯದಾಗುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಬಗೆಯೂ ಇದೆ. ಬ್ರಿಸ್ಟಲ್‌ನ ಹೆನ್ರಿ ರಿಕೆಟ್ಸ್ 1821ರಲ್ಲಿ ಪೇಟೆಂಟ್ ಪಡೆದ ಮೂರು ಹೋಳಿನ ಅಚ್ಚಿನಲ್ಲಿ ಮೈ ಭಾಗ ಒಂದೇ ತುಂಡಾಗಿದ್ದು, ಹೆಗಲು ಮತ್ತು ಕೊರಳಿಗೆ ಮಾತ್ರ ಎರಡು ಹೋಳುಗಳಿರುತ್ತಿದ್ದವು. ಅಂಥ ಬಾಟಲಿಯ ಮೈಯಲ್ಲಿ ಗೆರೆ ಕಾಣುವುದಿಲ್ಲ. ಹೆಗಲಿನ ಸುತ್ತ ಒಂದು ಅಡ್ಡಗೆರೆ, ಅಲ್ಲಿಂದ ಕೊರಳ ಕಡೆಗೆ ಎರಡು ಗೆರೆಗಳು ಇರುತ್ತವೆ. ಆದ್ದರಿಂದ ಕಪ್ಪು ಬಾಟಲಿಯ ಹೆಗಲನ್ನು ತಪ್ಪದೆ ನೋಡಿ.

ಯಾರ್ಕ್‌ಶೈರ್_ಕನ್ನಡಿಗ

ನಾನಿರುವ ಊರಿನ ಸುತ್ತಲೇ ಇವುಗಳಲ್ಲಿ ಕೆಲವು ಹುಟ್ಟಿದವು ಎಂಬುದರಿಂದ ಈ ಚರ್ಚೆಗೆ ಬಂದೆ. ‘ಎ ಸಿ ಬಿ ಕೊ’ ಎಂದರೆ ಕ್ಯಾಸಲ್‌ಫರ್ಡ್‌ನ ಏರ್ ಅಂಡ್ ಕಾಲ್ಡರ್ ಬಾಟಲ್ ಕಂಪನಿ. ಏರ್ ಮತ್ತು ಕಾಲ್ಡರ್ ಅಲ್ಲಿ ಸಂಗಮವಾಗುವ ಎರಡು ನದಿಗಳು. ಮೈಮೇಲಿನ ಹೆಸರು ಸಾಸ್ ಮಾಡಿದವರದು, ತಳದ ಅಕ್ಷರಗಳು ಗಾಜು ಮಾಡಿದವರವು. ಇವೆರಡನ್ನೂ ಒಂದೇ ಎಂದು ತಿಳಿದರೆ ಹುಡುಕಾಟ ದಾರಿ ತಪ್ಪುತ್ತದೆ. ಹಾಗೆಂದು ತಳದ ಅಕ್ಷರಗಳೆಲ್ಲ ಗಾಜಿನ ಕಾರ್ಖಾನೆಯವೇ ಎಂದೂ ನಂಬುವಂತಿಲ್ಲ. ಅಮೆರಿಕದಲ್ಲಿ ಸಿಗುವ ಇದೇ ಸಾಸ್‌ನ ಬಾಟಲಿಗಳ ತಳದಲ್ಲಿ ‘ಜೆ ಡಿ ಎಸ್’ ಎಂದಿರುತ್ತದೆ; ಅದು ನ್ಯೂಯಾರ್ಕ್‌ನಲ್ಲಿ ಆ ಸಾಸ್‌ನ ಏಜೆಂಟರಾಗಿದ್ದ ಜಾನ್ ಡಂಕನ್ ಅಂಡ್ ಸನ್ಸ್ ಎಂಬುದರ ಸಂಕ್ಷೇಪ, ಗಾಜಿನವರದಲ್ಲ.

ಬಾಯಿಯ ಒಳಗೂ ಬೆರಳಾಡಿಸಿ ನೋಡಿ. ಆ ಸಾಸ್ ಬಾಟಲಿಗೆ ತೆಳು ಬಿರಡೆಯ ಸುತ್ತು ತೊಡಿಸಿದ ಗಾಜಿನ ಮುಚ್ಚಳ ಹಾಕುತ್ತಿದ್ದರು. ಅದು ಕೂರಲು ಒಳಗೆ ಸಣ್ಣ ಮೆಟ್ಟಿಲಿನಂಥ ಅಂಚಿದ್ದರೆ ತಿರುಪು ಮುಚ್ಚಳಕ್ಕಿಂತ ಹಿಂದಿನ ಕಾಲದ್ದೆಂದು ಧೈರ್ಯವಾಗಿ ಹೇಳಬಹುದು.

ಯಂತ್ರ ಎಂದೊಡನೆ ಓವೆನ್ಸ್ ಒಬ್ಬನನ್ನೇ ನೆನೆಯುವುದು ಅಮೆರಿಕದ ಪುಸ್ತಕಗಳ ಅಭ್ಯಾಸ. ಕ್ಯಾಸಲ್‌ಫರ್ಡ್ ಭಾಗದಲ್ಲೇ ಹೊವಾರ್ಡ್ ಆಶ್ಲಿ 1880ರ ದಶಕದಲ್ಲಿ ಅರೆ-ಸ್ವಯಂಚಾಲಿತ ಬಾಟಲಿ ಯಂತ್ರವನ್ನು ರೂಪಿಸಿದ್ದನು. ಹಾಗಾಗಿ ಇಂಗ್ಲೆಂಡಿನ ಬಾಟಲಿಯ ಬಾಯಿಯಲ್ಲಿ ಗೆರೆ ಕಂಡ ಮಾತ್ರಕ್ಕೆ 1903ರ ಈಚಿನದೆಂದು ಬರೆದುಬಿಡಬಾರದು.

ಮಂಜರಾಬಾದ್_ತೋಟ

ತಾವೆಲ್ಲ ಹೇಳಿದಂತೆ ನೋಡಿದೆ. ಸಾಸ್ ಬಾಟಲಿಯ ಗೆರೆ ತುಟಿಗಿಂತ ಸ್ವಲ್ಪ ಕೆಳಗೆ ಕರಗಿದೆ, ಬಾಯಿಯ ಒಳಗೆ ಅಂಚಿದೆ. ಕಪ್ಪು ಬಾಟಲಿಯ ಹೆಗಲಲ್ಲಿ ಗೆರೆಯಿಲ್ಲ. ಟಾರ್ಚ್ ಬೆಳಕನ್ನು ಓರೆ ಮಾಡಿದಾಗ ಮಾತ್ರ ಮೈ ಸುತ್ತ ಅಡ್ಡ ಗೀರುಗಳು ಕಾಣುತ್ತವೆ, ಕೊರಳಿಗೆ ಹೋಗುತ್ತಾ ಅವು ಸ್ವಲ್ಪ ಓರೆಯಾಗಿ ಸುತ್ತಿಕೊಂಡಿವೆ. ತಳದ ಕುಳಿ ನುಣುಪಾಗಿದೆ, ಗಾಯದ ಗುರುತಿಲ್ಲ, ನಡುವೆ ಸಣ್ಣದೊಂದು ಮೊಟಕು ಉಬ್ಬಿದೆ. ಉರುಟು ತಳದ ಬಾಟಲಿಯ ಮೇಲೆ ಕಾಗದವಿಟ್ಟು ಉಜ್ಜಿದಾಗ ‘ಏರೇಟೆಡ್ ವಾಟರ್ಸ್’ ಮತ್ತು ‘ಡಬ್ಲಿನ್ ಅಂಡ್ ಬೆಲ್‌ಫಾಸ್ಟ್’ ಎಂದು ಮೂಡಿತು. ಪಾಂಡ್ಸ್ ಬಾಟಲಿಯ ಗೆರೆಯೂ ತುಟಿಯ ಕೆಳಗೇ ನಿಂತಿದೆ.

ಹಳೇಗಾಜು

ಬಹಳ ಚೆನ್ನಾಗಿ ನೋಡಿದ್ದೀರಿ. ಕಪ್ಪು ಬಾಟಲಿ ತಿರುಗಿಸುವ ಅಚ್ಚಿನದೇ. ಕೊರಳಲ್ಲಿ ಗೀರುಗಳು ಓರೆಯಾಗಿರುವುದು ತಿರುವಿದ ದಿಕ್ಕಿನ ಗುರುತು. ತಳದಲ್ಲಿ ಗಾಯವಿಲ್ಲದಿರುವುದೂ ಇದಕ್ಕೆ ಹೊಂದುತ್ತದೆ. ಹಿಂದೆ ಬಾಯಿ ರೂಪಿಸುವಾಗ ಬಾಟಲಿಯನ್ನು ಹಿಡಿಯಲು ಪಾಂಟಿಲ್ ಎಂಬ ಕಂಬಿಯನ್ನು ಕಾದ ಗಾಜಿನಿಂದ ತಳಕ್ಕೆ ಅಂಟಿಸಿ ಆಮೇಲೆ ಮುರಿಯುತ್ತಿದ್ದರು, ಅದರಿಂದ ಚೂಪಾದ ಗಾಯ ಉಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಬಾಟಲಿಯ ಮೈಯನ್ನು ಹೊರಗಿನಿಂದ ಅಪ್ಪಿ ಹಿಡಿಯುವ ಇಕ್ಕಳದಂಥ ಸಾಧನ ಬಂದ ಮೇಲೆ, ಸಾಮಾನ್ಯ ಬಾಟಲಿಗಳಲ್ಲಿ ಆ ಗಾಯ ಕ್ರಮೇಣ ಕಾಣೆಯಾಯಿತು.

ಉರುಟು ತಳದ್ದು ಐರ್ಲೆಂಡಿನ ಜಿಂಜರ್ ಏಲ್ ಅಥವಾ ಸೋಡಾ ನೀರಿನ ಬಾಟಲಿ. ಅದನ್ನು ನಿಲ್ಲಿಸದಂತೆ ಮಾಡಿದ್ದು ಉದ್ದೇಶಪೂರ್ವಕವಾಗಿಯೇ. ಮಲಗಿಸಿಟ್ಟರೆ ಬಿರಡೆ ಸದಾ ಒದ್ದೆಯಾಗಿ ಉಬ್ಬಿಕೊಂಡು ಗ್ಯಾಸು ಹೊರಹೋಗದಂತೆ ತಡೆಯುತ್ತದೆ. ನಿಲ್ಲಿಸಿದರೆ ಬಿರಡೆ ಒಣಗಿ ಕುಗ್ಗುತ್ತದೆ. ಅದರ ಬಾಯಿ ಬಿರಡೆಗಾಗಿ ಮಾಡಿದ ದಪ್ಪ ಉಂಡೆಯಂಥದೋ, ಈಗಿನ ತಗಡಿನ ಕ್ರೌನ್ ಮುಚ್ಚಳ ಹಿಡಿಯುವಂಥದೋ ನೋಡಿ. ಬಾಲ್ಟಿಮೋರಿನ ವಿಲಿಯಂ ಪೇಂಟರ್ ಕ್ರೌನ್ ಮುಚ್ಚಳಕ್ಕೆ ಪೇಟೆಂಟ್ ಪಡೆದದ್ದು 1892ರಲ್ಲಿ. ಕ್ರೌನ್ ಬಾಯಿಯಾಗಿದ್ದರೆ ಅದಕ್ಕಿಂತ ಹಿಂದಿನದಾಗಲಾರದು. ಬಿರಡೆ ಬಾಯಿಯಾಗಿದ್ದರೆ 1892ಕ್ಕಿಂತ ಹಿಂದಿನದೇ ಎನ್ನುವಂತಿಲ್ಲ, ಏಕೆಂದರೆ ಹೊಸದು ಬಂದ ಮೇಲೂ ಹಳೆಯದು ಬಹಳ ಕಾಲ ಜೊತೆಯಲ್ಲಿ ನಡೆಯಿತು.

ಎಚ್‌ಎಎಲ್_ಪಕ್ಕದವನು

ತಳದ ಅಂಕಿಗಳ ಬಗ್ಗೆ ನನ್ನದೊಂದು ಬಾಟಲಿಯನ್ನು ಸೇರಿಸಬಹುದೇ? ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಕಡೆ ಪಾಯ ತೋಡುವಾಗ ಸಿಕ್ಕ ಕಂದು ಬಣ್ಣದ ಬಾಟಲಿ. ತಳದಲ್ಲಿ ವಜ್ರಾಕೃತಿ, ಅದರ ಮೇಲೆ ಅಂಡಾಕಾರ, ನಡುವೆ ‘ಐ’ ಅಕ್ಷರ. ಬಲಕ್ಕೆ ‘3’ ಎಂಬ ಅಂಕಿ. ಕೆಳಗೆ ಕೂಡಕ್ಷರದಲ್ಲಿ ‘ಡ್ಯೂರಾಗ್ಲಾಸ್’ ಎಂದಿದೆ.

ಹಳೇಗಾಜು

ಇಷ್ಟು ಸ್ಪಷ್ಟವಾಗಿ ಮಾತನಾಡುವ ತಳ ಅಪರೂಪ. ಆ ಗುರುತು 1929ರಲ್ಲಿ ರೂಪುಗೊಂಡ ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯದು. 1950ರ ದಶಕದ ಮಧ್ಯದವರೆಗೆ ಬಳಕೆಯಲ್ಲಿತ್ತು. ಎಡಗಡೆಯ ಅಂಕಿ ಕಾರ್ಖಾನೆಯನ್ನೂ ಬಲಗಡೆಯದು ವರ್ಷದ ಕೊನೆಯ ಅಂಕಿಯನ್ನೂ ಹೇಳುತ್ತವೆ. ತೊಡಕೇನೆಂದರೆ ‘3’ ಎಂಬುದು 1933 ಆಗಬಹುದು, 1943 ಕೂಡ ಆಗಬಹುದು. ಅದನ್ನು ಬಿಡಿಸುವುದು ಡ್ಯೂರಾಗ್ಲಾಸ್ ಎಂಬ ಬರಹ, ಏಕೆಂದರೆ ಅದು ಬಾಟಲಿಗಳ ಮೇಲೆ ಬಂದದ್ದು 1940ರಲ್ಲಿ. ಆಮೇಲಿನ ವರ್ಷಗಳಲ್ಲಿ ಬಹುಮಟ್ಟಿಗೆ ಎರಡಂಕಿಯನ್ನೇ ಹಾಕತೊಡಗಿದ್ದರಿಂದ 1953ರ ಸಂದೇಹವೂ ಹೆಚ್ಚಾಗಿ ಉಳಿಯುವುದಿಲ್ಲ. 1943ರಿಂದ ಯುದ್ಧ ಮುಗಿಯುವವರೆಗೆ ಎಚ್‌ಎಎಲ್ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ವಿಮಾನ ದುರಸ್ತಿ ಕೇಂದ್ರವಾಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಬಾಟಲಿ ಅಲ್ಲಿಗೆ ಬಂದ ದಾರಿಯೂ ಊಹೆಗೆ ನಿಲುಕುತ್ತದೆ.

ಗುಜರಿ_ಗಲ್ಲಿ

ಕಪ್ಪು ಬಾಟಲಿಯ ವಿಚಾರ ಒಪ್ಪಿದೆ. ಆದರೆ ಗೋಲಿ ಸೋಡಾ ಬಾಟಲಿಯ ಬಗ್ಗೆ ಯಾರೂ ಮಾತನಾಡಲಿಲ್ಲ. ಗಾಜಿನಲ್ಲಿ ಗುಳ್ಳೆಗಳಿವೆ, ಕೊರಳು ವಾಲಿದೆ, ಗೆರೆ ತುಟಿಯವರೆಗೆ ಬಂದಿಲ್ಲ ಎಂದಾದರೆ ಅದನ್ನು ವಿಕ್ಟೋರಿಯಾ ರಾಣಿಯ ಕಾಲದ್ದು ಎನ್ನಲು ಇನ್ನೇನು ಬೇಕು? ಗಿರಾಕಿಗಳು ಇದನ್ನೇ ನೋಡಿ ಹಣ ಕೊಡುತ್ತಾರೆ.

ಯಾರ್ಕ್‌ಶೈರ್_ಕನ್ನಡಿಗ

ಇಂಗ್ಲೆಂಡಿನ ಗೋಲಿ ಬಾಟಲಿಗಳ ಮಟ್ಟಿಗೆ ನಿಮ್ಮ ಮಾತು ಬಹಳಷ್ಟು ನಡೆಯುತ್ತದೆ. ಹೈರಮ್ ಕಾಡ್ ಎಂಬ ಇಂಜಿನಿಯರ್ 1870ರ ದಶಕದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದನು, ಬಾರ್ನ್ಸ್‌ಲಿಯ ರೈಲಾಂಡ್ಸ್ ಕಾರ್ಖಾನೆ ಅವನ ಜೊತೆಗೂಡಿ ಅಪಾರ ಸಂಖ್ಯೆಯಲ್ಲಿ ತಯಾರಿಸಿತು, ಕ್ರೌನ್ ಮುಚ್ಚಳ ಹರಡಿದಂತೆ 1930ರ ದಶಕದ ಹೊತ್ತಿಗೆ ಇಲ್ಲಿ ಅದರ ಬಳಕೆ ಹೆಚ್ಚುಕಡಿಮೆ ನಿಂತಿತು. ಇಲ್ಲಿನ ಬಾಟಲಿಗಳ ಮೇಲೆ ಸೋಡಾ ತುಂಬಿದವರ ಹೆಸರು, ಊರು, ವ್ಯಾಪಾರಮುದ್ರೆ ಸಾಮಾನ್ಯವಾಗಿ ದೊಡ್ಡದಾಗಿರುತ್ತವೆ. ಹಿಂಭಾಗದಲ್ಲಿ ಬುಡದ ಹತ್ತಿರ ಗಾಜು ಮಾಡಿದವರ ಹೆಸರು ಸಣ್ಣದಾಗಿರುತ್ತದೆ. ಬರಿ ಮೈಯ ಬಾಟಲಿಯಾದರೆ ನಾನು ಏನೂ ಹೇಳಲಾರೆ.

ಹಳೇಗಾಜು

ನಮ್ಮ ನಾಡಿನಲ್ಲಿ ಸಿಕ್ಕ ಗೋಲಿ ಬಾಟಲಿಗೆ ಆ ಲೆಕ್ಕವನ್ನು ಹಚ್ಚಬಾರದು ಎಂಬುದೇ ನಾನು ಈ ಚರ್ಚೆಯಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ.

ಗೋಲಿ ಬಾಟಲಿಯ ರಚನೆಯನ್ನೇ ನೋಡಿ. ಬಾಯಿಯ ಒಳಗೆ ರಬ್ಬರ್ ಉಂಗುರ ಕೂರುವ ತೋಡು ಇರುತ್ತದೆ. ಸೋಡಾದ ಗ್ಯಾಸು ಗೋಲಿಯನ್ನು ಒಳಗಿನಿಂದ ಮೇಲಕ್ಕೊತ್ತಿ ಆ ಉಂಗುರಕ್ಕೆ ಅಮರಿಸುತ್ತದೆ. ಒತ್ತಿ ಕೆಳಗಿಳಿಸಿದ ಗೋಲಿ ಹಿಸುಕಿದಂತಿರುವ ಕೊರಳಲ್ಲಿ ನಿಲ್ಲುತ್ತದೆ. ಬಗ್ಗಿಸಿ ಕುಡಿಯುವಾಗ ಅದು ಉರುಳಿ ಬಂದು ಬಾಯಿ ಮುಚ್ಚದಂತೆ ಎರಡು ಗುಬುಟುಗಳು ತಡೆಯುತ್ತವೆ. ಮುಗಿದ ಬಾಯಿಯಲ್ಲಿ ಗೋಲಿ ಹಿಡಿಸುವುದಿಲ್ಲವಾದ್ದರಿಂದ, ಅದನ್ನು ಒಳಗೆ ಹಾಕಿದ ಮೇಲೆಯೇ ತುಟಿಯನ್ನು ಬಿಸಿ ಮಾಡಿ ಕಿರಿದುಗೊಳಿಸಬೇಕು. ಅಂದರೆ ಗಾಜಿನ ಗೋಲಿ ಬಾಟಲಿಯ ಬಾಯಿ, ಮೈ ಹೇಗೆ ತಯಾರಾಗಿದ್ದರೂ, ಆಮೇಲೆ ಪ್ರತ್ಯೇಕವಾಗಿ ಮುಗಿಸಿದ್ದೇ ಆಗಿರುತ್ತದೆ. ಗೆರೆ ತುಟಿಯ ಕೆಳಗೆ ನಿಂತಿದೆ ಎಂಬ ಸಾಕ್ಷ್ಯಕ್ಕೆ ಇಲ್ಲಿ ಬೆಲೆಯೇ ಇಲ್ಲ.

ಎರಡನೆಯದಾಗಿ, ಇಂಗ್ಲೆಂಡಿನಲ್ಲಿ ನಿಂತುಹೋದದ್ದು ಇಲ್ಲಿ ನಿಲ್ಲಲಿಲ್ಲ. ಪುಣೆ ಬಳಿಯ ತಳೇಗಾಂವ್‌ನ ಪೈಸಾ ಫಂಡ್ ಗಾಜಿನ ಕಾರ್ಖಾನೆ 1908ರಲ್ಲಿ ಆರಂಭವಾಗಿ ಸ್ವದೇಶಿ ಗಾಜಿನ ಕೆಲಸಗಾರರನ್ನು ತರಬೇತುಗೊಳಿಸಿತು. ಫಿರೋಜಾಬಾದ್ ಕಡೆಯ ಕುಲುಮೆಗಳಲ್ಲಿ ಕೈಯಿಂದ ಊದುವ ಕೆಲಸ ಇವತ್ತಿಗೂ ಇದೆ. ಗೋಲಿ ಸೋಡಾವಂತೂ ನಮ್ಮ ಜಾತ್ರೆ, ಬಸ್‌ಸ್ಟ್ಯಾಂಡುಗಳಿಂದ ಎಂದೂ ಪೂರ್ತಿಯಾಗಿ ಮಾಯವಾಗಲಿಲ್ಲ. ಸಣ್ಣ ಕುಲುಮೆಯಲ್ಲಿ ಗಾಜು ಪೂರ್ತಿ ಹದವಾಗದಿದ್ದರೆ ಗುಳ್ಳೆ ಉಳಿಯುತ್ತದೆ, ಅಚ್ಚು ತಣ್ಣಗಿದ್ದರೆ ಮೈ ಸುತ್ತಿಗೆಯಿಂದ ತಟ್ಟಿದಂತೆ ಏರುತಗ್ಗಾಗುತ್ತದೆ, ಬಿಸಿಯಿರುವಾಗಲೇ ಆತುರದಿಂದ ತೆಗೆದರೆ ಕೊರಳು ವಾಲುತ್ತದೆ. ಇವೆಲ್ಲ ತಯಾರಿಕೆಯ ವಿಧಾನವನ್ನು ಹೇಳುವ ದೋಷಗಳು. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಆ ವಿಧಾನ ಯಾವಾಗ ಕೊನೆಗೊಂಡಿತೆಂದು ಗೊತ್ತಿರುವುದರಿಂದ ಅಲ್ಲಿನವರು ದೋಷದಿಂದ ಕಾಲಕ್ಕೆ ಹೋಗಬಲ್ಲರು. ಇಲ್ಲಿ ಅದೇ ವಿಧಾನ ಮುಂದುವರಿದಿರುವಾಗ ಅದೇ ದೋಷವುಳ್ಳ ಬಾಟಲಿ 1890ರದ್ದೂ ಆಗಬಹುದು, 1970ರದ್ದೂ ಆಗಬಹುದು. ಹೊರದೇಶದ ಕೋಷ್ಟಕ ಹಿಡಿದು ನಮ್ಮ ಬಾಟಲಿಯ ವಯಸ್ಸು ಹೇಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ, ಕ್ಷಮಿಸಿ.

ಗೋಲಿ ಬಾಟಲಿಯಲ್ಲಿ ನಾನು ಮೊದಲು ನೋಡುವುದು ಸವೆತವನ್ನು. ಒಂದು ಬಾಟಲಿ ನೂರಾರು ಬಾರಿ ತೊಳೆದು, ತುಂಬಿ, ಮರದ ಪೆಟ್ಟಿಗೆಯಲ್ಲಿ ಓಡಾಡಿದ್ದರೆ ಹೆಗಲ ಮತ್ತು ಬುಡದ ಉಬ್ಬಿದ ಭಾಗದ ಸುತ್ತ ಬೂದು ಪಟ್ಟಿಯಂತೆ ಸವೆದಿರುತ್ತದೆ. ಭೂತಗನ್ನಡಿಯಲ್ಲಿ ಆ ಗೀರುಗಳು ನಾನಾ ದಿಕ್ಕಿಗೆ ಹೋಗಿರುವುದು ಕಾಣುತ್ತದೆ. ಮರಳು ಕಾಗದದಿಂದ ಉಜ್ಜಿ ಹಳತು ಮಾಡಿದ್ದರೆ ಗೀರುಗಳು ಒಂದೇ ದಿಕ್ಕಿಗಿರುತ್ತವೆ, ತಗ್ಗಿನ ಭಾಗದಲ್ಲೂ ಇರುತ್ತವೆ. ರಬ್ಬರ್ ಉಂಗುರವನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ, ಹಾಳಾದಾಗಲೆಲ್ಲ ಬದಲಾಯಿಸುತ್ತಿದ್ದರು.

ಮಂಜರಾಬಾದ್_ತೋಟ

ಗೋಲಿ ಬಾಟಲಿಯ ಮೈಮೇಲೆ ಒಂದಕ್ಷರವೂ ಇಲ್ಲ. ಹೆಗಲ ಸುತ್ತ ಸವೆತದ ಪಟ್ಟಿಯಿದೆ, ಗೀರುಗಳು ಅಡ್ಡಾದಿಡ್ಡಿಯಾಗಿವೆ. ಆದರೆ ಇದು ಗುಂಡಿಯ ಮೇಲ್ಪದರದಲ್ಲಿ, ಉಳಿದ ನಾಲ್ಕಕ್ಕಿಂತ ಸಾಕಷ್ಟು ಮೇಲೆ ಸಿಕ್ಕಿದ್ದೆಂದು ಮಣ್ಣು ತೆಗೆದವರು ಈಗ ಹೇಳುತ್ತಿದ್ದಾರೆ. ಜೊತೆಗೆ ಪಾಂಡ್ಸ್ ಬಾಟಲಿಯ ಮೈಮೇಲೆ ಸೀಮೆಎಣ್ಣೆ ಚೆಲ್ಲಿದಂಥ ಕಾಮನಬಿಲ್ಲಿನ ಬಣ್ಣಗಳಿವೆ. ಆಸಿಡ್ ಹಾಕಿ ತೊಳೆದರೆ ಹೋಗುತ್ತದೆ ಎಂದು ಒಬ್ಬರು ಹೇಳಿದರು.

ಹಳೇಗಾಜು

ಆಸಿಡ್ ಖಂಡಿತ ಬೇಡ. ಒದ್ದೆ ಮಣ್ಣಿನಲ್ಲಿ ಗಾಜಿನ ಕ್ಷಾರಾಂಶ ಸೋರಿಹೋಗಿ ಮೇಲ್ಮೈ ತೆಳು ಪದರಗಳಾಗಿ ಬಿಟ್ಟುಕೊಂಡಾಗ ಆ ಬಣ್ಣಗಳು ಕಾಣುತ್ತವೆ. ಅದು ಕೊಳೆಯಲ್ಲ, ಗಾಜೇ ಹಾಗಾಗಿದೆ. ಮಲೆನಾಡಿನ ಮಳೆಗೆ ಇದು ಬೇಗ ಬರಬಹುದಾದ್ದರಿಂದ ವಯಸ್ಸಿನ ಅಳತೆಯೂ ಅಲ್ಲ. ಉಗುರುಬೆಚ್ಚಗಿನ ನೀರು, ಮೆದು ಬ್ರಷ್ ಸಾಕು. ಕುದಿನೀರು ಹಾಕಿದರೆ ಹಳೆಯ ಗಾಜು ಬಿರುಕು ಬಿಡುತ್ತದೆ. ಯಾವ ಬಾಟಲಿಯಲ್ಲಾದರೂ ಹಳೆಯ ದ್ರವವೋ ಪುಡಿಯೋ ಉಳಿದಿದ್ದರೆ ಮೂಸಿ ನೋಡಬೇಡಿ. ಮೈಯಲ್ಲಿ ಉದ್ದುದ್ದ ಏಣುಗಳಿದ್ದು ‘ನಾಟ್ ಟು ಬಿ ಟೇಕನ್’ ಎಂದು ಬರೆದ ಹಸಿರು ಅಥವಾ ಕಡುನೀಲಿ ಬಾಟಲಿ ಮುಂದೆ ಸಿಕ್ಕರೆ ಅದು ವಿಷದ್ದು, ಕತ್ತಲಲ್ಲೂ ಕೈಗೆ ತಿಳಿಯಲೆಂದೇ ಆ ಏಣುಗಳನ್ನು ಮಾಡುತ್ತಿದ್ದರು.

ಗೋಲಿ ಬಾಟಲಿ ಮೇಲ್ಪದರದ್ದು ಎಂಬುದು ಗಾಜಿನಲ್ಲಿರುವ ಯಾವ ಗುರುತಿಗಿಂತಲೂ ಹೆಚ್ಚಿನ ಬೆಲೆಯ ಮಾಹಿತಿ. ದಯವಿಟ್ಟು ಅದನ್ನು ಈಗಲೇ ಬರೆದಿಡಿ, ಮತ್ತು ಮುಂದೆ ಅಗೆಯುವಾಗ ಯಾವುದು ಯಾವ ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಎಂಬುದನ್ನು ತಪ್ಪದೆ ಗುರುತು ಮಾಡಿಸಿ.

ಮಂಜರಾಬಾದ್_ತೋಟ

ಹಾಗೆಯೇ ಮಾಡುತ್ತೇನೆ. ಉರುಟು ತಳದ್ದಕ್ಕೆ ಬಿರಡೆಯ ದಪ್ಪ ಬಾಯಿಯೇ ಇದೆ. ಸದ್ಯಕ್ಕೆ ಚೀಟಿಗಳನ್ನು ಹೀಗೆ ಬರೆದು ಅಂಟಿಸಿದ್ದೇನೆ: ಸಾಸ್ ಬಾಟಲಿ, ಕ್ಯಾಸಲ್‌ಫರ್ಡ್‌ನ ಗಾಜು, ಉಪಕರಣದಿಂದ ತಿರುವಿದ ತುಟಿ, ಹತ್ತೊಂಬತ್ತನೆಯ ಶತಮಾನದ ಕೊನೆ ಅಥವಾ ಇಪ್ಪತ್ತನೆಯದರ ಆರಂಭ. ಕಪ್ಪು ಬಾಟಲಿ, ತಿರುಗಿಸುವ ಅಚ್ಚು, 1880ರಿಂದ ಮೊದಲ ಮಹಾಯುದ್ಧದವರೆಗೆ. ಐರ್ಲೆಂಡಿನದು ಮತ್ತು ಪಾಂಡ್ಸ್, ಅದೇ ಪದರ, ಬಹುಶಃ ಅದೇ ಅವಧಿ. 1846 ಎಂಬುದು ಔಷಧದ ವರ್ಷ. ಗೋಲಿ ಬಾಟಲಿ, ಮೇಲ್ಪದರ, ಉಳಿದವುಗಳ ನಂತರದ್ದು, ಕಾಲ ನಿರ್ಧಾರವಾಗಿಲ್ಲ. ಗುಂಡಿಯ ಉಳಿದ ಭಾಗವನ್ನು ಮಳೆಗಾಲ ಕಳೆದ ಮೇಲೆ ಅಗೆಸುವ ಯೋಚನೆಯಿದೆ. ಗುಜರಿ ಗಲ್ಲಿಯವರೇ, ಸದ್ಯಕ್ಕೆ ಯಾವುದನ್ನೂ ಮಾರುವ ಮನಸ್ಸಿಲ್ಲ.

ಗುಜರಿ_ಗಲ್ಲಿ

ಪರವಾಗಿಲ್ಲ ಸರ್. ನನ್ನ ಅಂಗಡಿಯ ಗೋಲಿ ಬಾಟಲಿಗಳ ಮೇಲಿನ ‘ವಿಕ್ಟೋರಿಯನ್’ ಎಂಬ ಚೀಟಿಯನ್ನು ಮಾತ್ರ ಇವತ್ತು ತೆಗೆಸಿದೆ. ಬೆಲೆ ಹಾಗೇ ಇದೆ.